ಕಲ್ಲು ಕಾಯುವವರ ಸಂಬಳವಿಲ್ಲದ ಚಾಕರಿ

ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದು ಹೋಗುವ ಜಾಗಕ್ಕೆ ಕೋಡಿ ಎಂದು ಹೆಸರು. ಕೆರೆಗಳನ್ನೇ ನಂಬಿ ಬದುಕಿದ ಹಳೆಯ ಮೈಸೂರು ಸೀಮೆಯಲ್ಲಿ ಕೋಡಿಹಳ್ಳಿಗಳಿಗೆ ಬರವಿಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಬಳಿ ಒಂದು ಕೋಡಿಹಳ್ಳಿ ಇದೆ. ಕನಕಪುರ ತಾಲ್ಲೂಕಿನಲ್ಲಿ ಹೋಬಳಿ ಕೇಂದ್ರವಾದ ಕೋಡಿಹಳ್ಳಿ ಇದೆ. ಈ ಎರಡನೆಯ ಕೋಡಿಹಳ್ಳಿಯ ಶಾಲಾ ಮೇಷ್ಟ್ರೊಬ್ಬರು ತಮ್ಮ ಹೋಬಳಿಯ ಚರಿತ್ರೆಯನ್ನು ಬರೆಯಲು ಹೊರಟರೆನ್ನಿ. ಎಲ್ಲಿಂದ ಆರಂಭಿಸಬೇಕು?

ಅವರ ಕೈಗೆ ಮೊದಲು ಸಿಗಬೇಕಾದದ್ದು 1905ರಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ ಅದು. ಅದರಲ್ಲಿ ಕನಕಪುರ ಎಂಬ ಹೆಸರನ್ನು ಹುಡುಕಿದರೆ ಸಿಗದು. ಆಗ ಊರಿನ ಹೆಸರು ಕಾನಕಾನಹಳ್ಳಿ, ಜಿಲ್ಲೆ ಬೆಂಗಳೂರು. 1986ರಲ್ಲಿ ಬೆಂಗಳೂರು ಜಿಲ್ಲೆ ಎರಡಾದಾಗ ಈ ತಾಲ್ಲೂಕು ಬೆಂಗಳೂರು ಗ್ರಾಮಾಂತರಕ್ಕೆ ಬಂತು. 2007ರಲ್ಲಿ ಚನ್ನಪಟ್ಟಣ, ಮಾಗಡಿಗಳೊಂದಿಗೆ ಹೊಸ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಊರು ಕದಲಿಲ್ಲ, ಕಡತ ಮಾತ್ರ ಕಚೇರಿಯಿಂದ ಕಚೇರಿಗೆ ಅಲೆಯಿತು. ಹೋಬಳಿಯ ಚರಿತ್ರೆ ಬರೆಯುವವರಿಗೆ ಎದುರಾಗುವ ಮೊದಲ ತೊಡಕು ಇದು. ಆದರೆ ಇದು ದೊಡ್ಡ ತೊಡಕಲ್ಲ.

ದೊಡ್ಡ ತೊಡಕು ಬೇರೆ ಇದೆ. ಪುಸ್ತಕದಲ್ಲಿ ಶಾಸನದ ಪಾಠ ಇದೆ, ಕಲ್ಲು ಎಲ್ಲಿದೆ?

ರೈಸ್ ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದವರು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದು ಊರೂರು ತಿರುಗುತ್ತಿದ್ದಾಗ ಶಾಸನಗಳ ಹುಚ್ಚು ಹತ್ತಿಸಿಕೊಂಡವರು. 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಅವರು ಪ್ರಕಟಿಸಿದರು. ಈ ಕೆಲಸವನ್ನು ಅವರೊಬ್ಬರೇ ಮಾಡಲಿಲ್ಲ. ಹಳ್ಳಿಗಳಿಗೆ ಹೋಗಿ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಕುಳಿಯೊಳಕ್ಕೆ ಇಳಿಸಿ, ಮಸಿ ಒತ್ತಿ ಪಡಿಯಚ್ಚು ತೆಗೆದ ಪಂಡಿತರು, ಗುಮಾಸ್ತರು ಅನೇಕರು. ಅವರಲ್ಲಿ ಹೆಚ್ಚಿನವರ ಹೆಸರು ಓದುಗರಿಗೆ ಗೊತ್ತಿಲ್ಲ.

ಪ್ರತಿ ಶಾಸನದ ತಲೆಯ ಮೇಲೆ ಅದು ಸಿಕ್ಕಿದ ಜಾಗವನ್ನು ಒಂದು ಸಾಲಿನಲ್ಲಿ ಗುರುತಿಸಿದ್ದಾರೆ. ಆ ಸಾಲು ಬಹುತೇಕ ಒಂದೇ ಧಾಟಿಯದು: ಇಂಥ ಗ್ರಾಮದ ಕೆರೆ ಏರಿಯ ಮೇಲೆ, ಇಂಥ ದೇವಸ್ಥಾನದ ಬಾಗಿಲಲ್ಲಿ, ಇಂಥ ಪಟೇಲನ ಹೊಲದಲ್ಲಿ. 1905ರ ಓದುಗನಿಗೆ ಇಷ್ಟು ಸಾಕಿತ್ತು. ಆ ಪಟೇಲ ಆಗ ಬದುಕಿದ್ದ. ಆತನ ಹೊಲ ಯಾವುದು ಎಂದು ದನ ಕಾಯುವ ಹುಡುಗನೂ ತೋರಿಸುತ್ತಿದ್ದ. ಈಗ ಪಟೇಲ ಇಲ್ಲ, ಪಟೇಲಿಕೆಯೂ ಇಲ್ಲ. ಹೊಲ ಮೂರು ತಲೆಮಾರು ಪಾಲಾಗಿ, ಮಾರಾಟವಾಗಿ, ಕೆಲವೆಡೆ ನಿವೇಶನವೂ ಆಗಿಹೋಗಿದೆ. ಅದು ಯಾರ ಹೊಲವಾಗಿತ್ತು ಎಂದು ಹೇಳಬಲ್ಲವರು ಊರಿನ ಹಿರಿಯರಲ್ಲಿ ಒಬ್ಬಿಬ್ಬರು ಇದ್ದರೆ ಪುಣ್ಯ.

ಇಲ್ಲಿಯೇ ಇಲಾಖೆಯ ಕೆಲಸಕ್ಕೂ ಹವ್ಯಾಸಿಗಳ ಕೆಲಸಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಇಲಾಖೆ ಒಮ್ಮೆ ಬರುತ್ತದೆ, ನಕಲು ಮಾಡುತ್ತದೆ, ಅಚ್ಚು ಹಾಕಿಸುತ್ತದೆ. ಅಲ್ಲಿಗೆ ಶಾಸನ ‘ಪ್ರಕಟಿತ’. ಪ್ರಕಟವಾದ ಶಾಸನದ ಕಲ್ಲು ನೂರು ವರ್ಷದ ನಂತರವೂ ಅಲ್ಲೇ ಇದೆಯೇ ಎಂದು ಮತ್ತೆ ಹೋಗಿ ನೋಡುವುದು ಯಾರ ಹುದ್ದೆಯ ಕರ್ತವ್ಯವೂ ಅಲ್ಲ. ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿದ ದೇವಾಲಯದ ಅಂಗಳದಲ್ಲಿದ್ದರೆ ಕಲ್ಲಿಗೆ ಒಂದಿಷ್ಟು ಕಾವಲು ಉಂಟು. ಹೊಲದ ಬದುವಿನಲ್ಲಿರುವ ವೀರಗಲ್ಲಿಗೆ, ತೋಪಿನ ಮಾಸ್ತಿಕಲ್ಲಿಗೆ ಯಾರ ಕಾವಲೂ ಇಲ್ಲ. ಮತ್ತೆ ಹೋಗಿ ನೋಡುವ ಕೆಲಸ ಏನಿದ್ದರೂ ಅದು ಸಂಬಳವಿಲ್ಲದವರ ಪಾಲಿಗೆ ಬಂದದ್ದು.

ಕಲ್ಲು ಕಾಣೆಯಾಗುವ ಬಗೆ

ಕಲ್ಲನ್ನು ಯಾರೂ ದ್ವೇಷದಿಂದ ಒಡೆಯುವುದಿಲ್ಲ. ರಸ್ತೆ ಅಗಲ ಮಾಡುವಾಗ ಜೆಸಿಬಿಯ ಬಾಯಿಗೆ ಸಿಕ್ಕಿ ಚರಂಡಿಯ ಮಣ್ಣಿನೊಂದಿಗೆ ಹೋಗುತ್ತದೆ. ಮನೆಯ ಪಾಯಕ್ಕೋ ಕಾಲುವೆಯ ಮೇಲಿನ ಚಪ್ಪಡಿಗೋ ಬಳಕೆಯಾಗುತ್ತದೆ. ಬಟ್ಟೆ ಒಗೆಯಲು ಅನುಕೂಲವಾದ ಅಳತೆ ಇದ್ದರಂತೂ ಹೇಳುವುದೇ ಬೇಡ. ಇನ್ನು ಕೆಲವು ಕಲ್ಲುಗಳಿಗೆ ಭಕ್ತಿಯೇ ಮುಳುವು. ವೀರಗಲ್ಲು ದೇವರಾಗಿ, ವರ್ಷಕ್ಕೊಮ್ಮೆ ಸುಣ್ಣ, ಬಣ್ಣ, ವಾರಕ್ಕೊಮ್ಮೆ ಎಣ್ಣೆ ಕಂಡು ಅಕ್ಷರಗಳು ಮುಚ್ಚಿಹೋಗುತ್ತವೆ. ಆದರೂ ದೇವರಾದ ಕಲ್ಲು ಜಾಗದಲ್ಲಿ ಉಳಿಯುತ್ತದೆ ಎಂಬುದು ಸಮಾಧಾನ. ಎಲ್ಲಕ್ಕಿಂತ ಕೆಟ್ಟದ್ದು ನಿಧಿಯ ಆಸೆ. ಓದಲು ಬಾರದ ಅಕ್ಷರ ಇದ್ದಲ್ಲಿ ಹೊನ್ನು ಹೂತಿದೆ ಎಂಬ ನಂಬಿಕೆ ಹಳೆಯದು. ರಾತ್ರೋರಾತ್ರಿ ಕಲ್ಲು ಕಿತ್ತು ಗುಂಡಿ ತೋಡಿದ ಕಥೆ ಅನೇಕ ಹಳ್ಳಿಗಳಲ್ಲಿ ಕೇಳಸಿಗುತ್ತದೆ. ದಾನವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ಬರುವುದೆಂದು ಶಾಸನದ ಕೊನೆಯಲ್ಲಿ ಶಾಪ ಬರೆಸುತ್ತಿದ್ದರು. ಆ ಶಾಪವನ್ನು ಓದಬಲ್ಲವರೇ ಇಲ್ಲದಾದ ಮೇಲೆ ಅದು ಯಾರನ್ನು ತಡೆದೀತು!

ಒಂದು ಕಲ್ಲು ಹೋದರೆ ಏನಾಯಿತು ಎಂದು ಕೇಳುವವರಿಗೆ ಬೇಗೂರಿನ ಉದಾಹರಣೆ ಸಾಕು. ಬೆಂಗಳೂರಿನ ಹೆಸರು ‘ಬೆಂದ ಕಾಳೂರು’ ಎಂಬುದರಿಂದ ಬಂತು, ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು ಎಂಬ ಕಥೆಯನ್ನು ಮಕ್ಕಳು ಇಂದಿಗೂ ಕಲಿಯುತ್ತಾರೆ. ಆದರೆ ಬೇಗೂರಿನ ದೇವಾಲಯದ ಬಳಿಯ, ಸುಮಾರು ಕ್ರಿ.ಶ. 890ರದೆಂದು ಹೇಳಲಾದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ವೀರಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಆ ಹೆಸರು ಇತ್ತು ಎಂದಾಯಿತು. ಒಂದು ಮಹಾನಗರದ ಹೆಸರಿನ ವಯಸ್ಸಿಗೆ ಇರುವ ಸಾಕ್ಷಿ ಆ ಒಂದು ಕಲ್ಲು. ಅದು ಯಾರದೋ ಮನೆಯ ಮೆಟ್ಟಿಲಾಗಿ ಹೋಗಿದ್ದರೆ ಕಾಳಿನ ಕಥೆಯೇ ಗತಿಯಾಗುತ್ತಿತ್ತು. ಕೋಡಿಹಳ್ಳಿಯ ಸುತ್ತಲ ಊರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ರಾಜಧಾನಿಯಲ್ಲದ, ಕೋಟೆಯಿಲ್ಲದ ಊರಿಗೆ ತಾಮ್ರಪಟ ಇಲ್ಲ, ಬಖೈರು ಇಲ್ಲ, ಪ್ರವಾಸಿಗರ ವರ್ಣನೆ ಇಲ್ಲ. ಇದ್ದರೆ ಕಲ್ಲು, ಇಲ್ಲದಿದ್ದರೆ ಇಲ್ಲ.

ಸಂಜೆಯ ಸಭೆಯಿಂದ ಶತಮಾನದವರೆಗೆ

ಇಂಥ ಕೆಲಸಕ್ಕೆ ಸಂಘ ಕಟ್ಟಿಕೊಳ್ಳುವ ರೂಢಿ ಕರ್ನಾಟಕದಲ್ಲಿ ನೂರು ವರ್ಷಕ್ಕೂ ಹಳೆಯದು. ಬೆಂಗಳೂರಿನ ದಂಡು ಪ್ರದೇಶದಲ್ಲಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಅವುಗಳಲ್ಲಿ ಮೊದಲ ಸಾಲಿನದು. ಹೆಸರು ಕೇಳಿ ಇದು ಪುರಾಣ ಪ್ರವಚನದ ಸಂಘವೆಂದು ತಿಳಿಯುವವರು ಈಗಲೂ ಇದ್ದಾರೆ. ಆಗ ಕಲೆಕ್ಟರಾಗಿದ್ದ ಎಫ್.ಜೆ. ರಿಚರ್ಡ್ಸ್, ಫ್ರೆಂಚ್ ಪಾದ್ರಿ ಎ.ಎಂ. ತಬಾರ್ ಮೊದಲಾದವರು ಮೈಸೂರು ಸೀಮೆಯ ಐತಿಹ್ಯ, ಚರಿತ್ರೆ, ಜನಜೀವನಗಳ ಅಧ್ಯಯನಕ್ಕೆಂದು ಇದನ್ನು ಆರಂಭಿಸಿದರು. ತಬಾರ್ ಆರಂಭದ ವರ್ಷಗಳಲ್ಲಿ ಅಧ್ಯಕ್ಷರಾಗಿ ದುಡಿದರು. ಹಗಲು ಕಚೇರಿ, ಚರ್ಚು, ಕಾಲೇಜು. ಸಂಜೆ ಪ್ರಬಂಧ ವಾಚನ. ಅದೇ ವರ್ಷ ತ್ರೈಮಾಸಿಕ ಪತ್ರಿಕೆಯೂ ಹೊರಟಿತು. ಮೈಸೂರಿನ ರೆಸಿಡೆಂಟರಾಗಿದ್ದ ಸರ್ ಹ್ಯೂ ಡೇಲಿಯವರ ಹೆಸರಿನ ಸಭಾಂಗಣ 1917ರ ಹೊತ್ತಿಗೆ ಎದ್ದು ನಿಂತಿತು. ಇಂದಿನ ನೃಪತುಂಗ ರಸ್ತೆಯಲ್ಲಿ ಆ ಕಟ್ಟಡ ಈಗಲೂ ಇದೆ.

ಸಂಘ ಹುಟ್ಟಿಸಿದ ಸಾಹೇಬರು ವರ್ಗವಾಗಿ ಹೋದರು, ನಿವೃತ್ತರಾದರು, ತೀರಿಕೊಂಡರು. ಸಾಮಾನ್ಯವಾಗಿ ಇಂಥ ಸಂಘಗಳು ಅವರೊಂದಿಗೇ ಮುಗಿಯುತ್ತವೆ. ಇದು ಮುಗಿಯಲಿಲ್ಲ. ಮೈಸೂರು ಸಂಸ್ಥಾನದ ಅಧಿಕಾರಿಗಳು, ವಕೀಲರು, ಅಧ್ಯಾಪಕರು ಗೌರವ ಕಾರ್ಯದರ್ಶಿಗಳಾಗಿ, ಸಂಪಾದಕರಾಗಿ ಒಬ್ಬರ ಹಿಂದೊಬ್ಬರು ಹೆಗಲು ಕೊಟ್ಟರು. ಇಲ್ಲಿ ‘ಗೌರವ’ ಎಂದರೆ ಸಂಬಳವಿಲ್ಲ ಎಂದರ್ಥ. ಲೇಖನ ತರಿಸುವುದು, ಕರಡು ತಿದ್ದುವುದು, ಚಂದಾ ಬಾಕಿಯವರಿಗೆ ಕಾಗದ ಬರೆಯುವುದು, ಗೆದ್ದಲಿನಿಂದ ಪುಸ್ತಕ ಕಾಯುವುದು, ಮಳೆಗಾಲಕ್ಕೆ ಮುಂಚೆ ಸೂರು ನೋಡುವುದು, ಇವೆಲ್ಲ ಚರಿತ್ರೆಯ ಕೆಲಸದಂತೆ ಕಾಣುವುದಿಲ್ಲ. ಆದರೆ ಸಂಘವೊಂದನ್ನು ಬದುಕಿಸುವುದು ಇವೇ ಹೊರತು ವಾರ್ಷಿಕೋತ್ಸವದ ಭಾಷಣಗಳಲ್ಲ.

ಧಾರವಾಡದಲ್ಲಿ ಇದೇ ಕಾಲಕ್ಕೆ ಇನ್ನೊಂದು ಪ್ರಯತ್ನ ನಡೆಯಿತು. ಅದರ ಹಿನ್ನೆಲೆ ಬೇರೆ. ಪುಣೆಯಲ್ಲಿ ವಿ.ಕಾ. ರಾಜವಾಡೆಯವರು 1910ರಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಕಟ್ಟಿದ್ದರು. ಅದನ್ನು ಕಂಡಿದ್ದ ಆಲೂರು ವೆಂಕಟರಾಯರು 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವನ್ನು ಆರಂಭಿಸಿದರು. ಬೆಂಗಳೂರಿನವರಿಗೆ ಚರಿತ್ರೆ ಜಿಜ್ಞಾಸೆಯ ವಿಷಯವಾಗಿದ್ದರೆ ಆಲೂರರಿಗೆ ಅದು ಹರಿದು ಹಂಚಿಹೋದ ಕನ್ನಡನಾಡನ್ನು ಒಂದು ಮಾಡುವ ದಾರಿ. 1917ರಲ್ಲಿ ಪ್ರಕಟವಾದ ಅವರ ‘ಕರ್ನಾಟಕ ಗತವೈಭವ’ ಎಷ್ಟು ಮನೆಗಳನ್ನು ಮುಟ್ಟಿತೆಂಬುದು ಎಲ್ಲರಿಗೂ ತಿಳಿದದ್ದೇ. ಮುಂದೆ 1939ರಲ್ಲಿ ಮುಂಬಯಿ ಸರ್ಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಹವ್ಯಾಸಿಗಳು ಉತ್ತ ಹೊಲದಲ್ಲಿ ಸರ್ಕಾರ ಬಿತ್ತಿತು ಎನ್ನಬಹುದು. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ಸಂಬಳದ ಸಂಸ್ಥೆ ಬಂದಾಗ ಸಂಬಳವಿಲ್ಲದ ಸಂಘದ ಬಾಗಿಲಿಗೆ ಬರುವವರು ಕಡಿಮೆಯಾಗುವುದೂ ಸಹಜ.

ಈ ಎರಡೂ ಸಂಘಗಳು ನಗರದವು. ಹಳ್ಳಿಯ ಮೇಷ್ಟ್ರಿಗೆ ಅವುಗಳ ಬಾಗಿಲು ದೂರ. ಆ ದೂರವನ್ನು ಕಡಿಮೆ ಮಾಡಿದ್ದು 1980ರ ದಶಕದಲ್ಲಿ ರೂಪುಗೊಂಡ ಕರ್ನಾಟಕ ಇತಿಹಾಸ ಅಕಾದೆಮಿ. ರಾಜ್ಯ ಗ್ಯಾಸೆಟಿಯರಿನ ಪ್ರಧಾನ ಸಂಪಾದಕರಾಗಿದ್ದ ಡಾ. ಸೂರ್ಯನಾಥ ಕಾಮತರು (1937-2015) ಇದರ ಹಿಂದಿನ ಶಕ್ತಿ. ಹೆಸರಿನಲ್ಲಿ ಅಕಾದೆಮಿ ಇದ್ದರೂ ಇದು ಸರ್ಕಾರದ್ದಲ್ಲ. ವರ್ಷಕ್ಕೊಂದು ಊರಿನಲ್ಲಿ ಸಮ್ಮೇಳನ. ಅಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಪಕ್ಕದಲ್ಲಿಯೇ ಹೈಸ್ಕೂಲು ಉಪಾಧ್ಯಾಯರು, ಬ್ಯಾಂಕ್ ನೌಕರರು ತಮ್ಮೂರ ಕಲ್ಲಿನ ಬಗ್ಗೆ ಕನ್ನಡದಲ್ಲಿ ಪ್ರಬಂಧ ಓದುತ್ತಾರೆ. ಓದಿದ್ದು ‘ಇತಿಹಾಸ ದರ್ಶನ’ ಎಂಬ ಸಂಪುಟದಲ್ಲಿ ಅಚ್ಚಾಗುತ್ತದೆ. ಪ್ರಬಂಧಗಳೆಲ್ಲ ಒಂದೇ ತೂಕದವಲ್ಲ, ಕೆಲವು ಜೊಳ್ಳೂ ಉಂಟು. ಆದರೂ ಇಂಥ ಹಳ್ಳಿಯಲ್ಲಿ ಇಂಥ ಕಲ್ಲು ಕಂಡೆ ಎಂಬ ಎರಡು ಪುಟದ ಟಿಪ್ಪಣಿಗೆ ಇರುವ ಬೆಲೆ ದೊಡ್ಡ ಗ್ರಂಥಕ್ಕೂ ಇರುವುದಿಲ್ಲ, ಏಕೆಂದರೆ ಬರೆದವನು ಅಲ್ಲಿಗೆ ಹೋಗಿದ್ದಾನೆ.

ರಾಮನಗರದ ಸೀಮೆಯಲ್ಲಿ

ಕನಕಪುರದ ನೆರೆಯ ರಾಮನಗರದಲ್ಲಿ ಸಂಬಳವಿಲ್ಲದ ಚಾಕರಿಯ ಫಲ ಹೆದ್ದಾರಿಯ ಬದಿಯಲ್ಲೇ ಕಾಣುತ್ತದೆ. ಜಿಲ್ಲಾಧಿಕಾರಿ ಮೊದಲಾದ ಹುದ್ದೆಗಳಲ್ಲಿದ್ದು ನಿವೃತ್ತರಾದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಹದಿನೈದು ಎಕರೆಯ ಜಾನಪದ ಲೋಕ 1994ರಲ್ಲಿ ತೆರೆಯಿತು. ರಾಗಿ ಬೀಸುವ ಕಲ್ಲು, ಏತ, ತೊಗಲುಗೊಂಬೆ, ಧಾನ್ಯದ ವಾಡೆ, ಹೀಗೆ ರಾಜರ ಚರಿತ್ರೆಯಲ್ಲಿ ಜಾಗವಿಲ್ಲದ್ದೆಲ್ಲ ಅಲ್ಲಿ ಸೇರಿತು. ಕಟ್ಟಿದವರು 2005ರಲ್ಲಿ ತೀರಿಕೊಂಡರು. ಇಂಥ ಸಂಸ್ಥೆಗಳಿಗೆ ನಿಜವಾದ ಪರೀಕ್ಷೆ ಬರುವುದು ಆಗಲೇ. ಜಿ. ನಾರಾಯಣ, ಟಿ. ತಿಮ್ಮೇಗೌಡ, ಹಿ.ಚಿ. ಬೋರಲಿಂಗಯ್ಯ ಅವರು ಒಬ್ಬರ ನಂತರ ಒಬ್ಬರು ಪರಿಷತ್ತಿನ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಲೋಕದ ಬಾಗಿಲು ಮುಚ್ಚಲಿಲ್ಲ.

ಮಾಗಡಿ ತಾಲ್ಲೂಕಿನಲ್ಲಿ ನಡೆದದ್ದು ಇನ್ನೂ ಕುತೂಹಲದ್ದು. ಬೆಂಗಳೂರು ಕಟ್ಟಿದ ಕೆಂಪೇಗೌಡರ ಬಗ್ಗೆ ಎಷ್ಟೋ ಪುಸ್ತಕಗಳು ಬಂದಿದ್ದರೂ ಅವರು ಎಲ್ಲಿ ಮಡಿದರು ಎಂಬುದಕ್ಕೆ ಸ್ಪಷ್ಟ ಆಧಾರ ಇರಲಿಲ್ಲ. 2015ರಲ್ಲಿ ಕೆಂಪಾಪುರ ಎಂಬ ಸಣ್ಣ ಹಳ್ಳಿಯ ಸಮಾಧಿ ಗೋಪುರವೊಂದರ ಮೇಲಿನ ಕನ್ನಡ ಬರಹದಲ್ಲಿ ಹಿರಿಯ ಕೆಂಪೇಗೌಡರ ಹೆಸರು ಓದಿದಾಗ ವಿಷಯ ಬೆಳಕಿಗೆ ಬಂತು. ಗೋಪುರ ಮಣ್ಣಿನಡಿ ಹೂತಿರಲಿಲ್ಲ. ಊರವರು ದಿನವೂ ನೋಡುತ್ತಿದ್ದ ಕಲ್ಲದು. ಓದುವ ಕಣ್ಣು ಅಲ್ಲಿಗೆ ಹೋಗಿರಲಿಲ್ಲ, ಅಷ್ಟೆ. ಆಮೇಲೆ ಸರ್ಕಾರವೂ ಬಂತು, ಮಂತ್ರಿಗಳೂ ಬಂದರು.

ಇಂಥ ಮರುಭೇಟಿಯನ್ನೇ ಕ್ರಮಬದ್ಧವಾಗಿ ಮಾಡಬೇಕೆಂದು ಹೊರಟವರು ಬೆಂಗಳೂರಿನ ಕೆಲವು ಹವ್ಯಾಸಿಗಳು. ಅವರ ಮುಂಚೂಣಿಯಲ್ಲಿದ್ದ ಪಿ.ಎಲ್. ಉದಯಕುಮಾರ್ ವೃತ್ತಿಯಿಂದ ಎಂಜಿನಿಯರ್. ರೈಸರ ಸಂಪುಟವನ್ನು ಕೈಯಲ್ಲಿ ಹಿಡಿದು ಅದರಲ್ಲಿ ಹೇಳಿದ ಜಾಗಗಳನ್ನು ಒಂದೊಂದಾಗಿ ಹುಡುಕತೊಡಗಿದರು. ಎಷ್ಟೋ ಕಡೆ ಕಲ್ಲು ಇರಲಿಲ್ಲ. ಕೆಲವೆಡೆ ಪುಸ್ತಕದಲ್ಲಿಲ್ಲದ ಕಲ್ಲು ಸಿಕ್ಕಿತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಎದ್ದ ವೀರಗಲ್ಲು ಹೆಸರಾದದ್ದು ಹೀಗೆ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ನಾಡಿನ ಮೇಲೆ ಬಂದವರೊಡನೆ ಕಾದಿ ಸತ್ತ ಕಿತ್ತಯ್ಯನೆಂಬವನ ನೆನಪಿಗೆ ನಿಲ್ಲಿಸಿದ್ದು. ಬೆಂಗಳೂರು ಪ್ರದೇಶದ ಅತಿ ಹಳೆಯ ಕನ್ನಡ ಶಾಸನಗಳ ಸಾಲಿಗೆ ಅದು ಸೇರಿತು. ಊರವರು ಸುಮ್ಮನಿದ್ದಿದ್ದರೆ ಅದೇ ಮಣ್ಣಿನ ಜೊತೆ ಲಾರಿ ಹತ್ತುತ್ತಿತ್ತು. ಕಲ್ಲಿಗೆ ಮಂಟಪ ಕಟ್ಟಲು ಜನರಿಂದಲೇ ಹಣ ಕೂಡಿಸಲು ಹೊರಟದ್ದು ನಂತರದ ಮಾತು.

2021ರಲ್ಲಿ ಈ ಕೆಲಸ ಮಿಥಿಕ್ ಸೊಸೈಟಿಯ ಆಶ್ರಯಕ್ಕೆ ಬಂತು. ಹವ್ಯಾಸಿಗಳಿಗೆ ಒಂದು ಸೂರು ಸಿಕ್ಕಿತು, ಸೂರಿಗೆ ಹೊಸ ಜೀವ ಬಂತು. ಉದಯಕುಮಾರ್ ಗೌರವ ನಿರ್ದೇಶಕರಾದರು. ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರಗಳ ಜೊತೆಗೆ ರಾಮನಗರ ಜಿಲ್ಲೆಯೂ ಯೋಜನೆಯ ವ್ಯಾಪ್ತಿಯಲ್ಲಿದೆ. ಎಂದರೆ ಕನಕಪುರ, ಕೋಡಿಹಳ್ಳಿಗಳೂ ಇದರೊಳಗೇ ಬರುತ್ತವೆ. ಈಗ ಒದ್ದೆ ಕಾಗದ, ಮಸಿ ಬೇಕಿಲ್ಲ. ಕೈಯಲ್ಲಿ ಹಿಡಿಯುವ ಸ್ಕ್ಯಾನರು ಕಲ್ಲಿನ ಮೇಲೆ ಬೆಳಕು ಚೆಲ್ಲಿ ಅದರ ಉಬ್ಬುತಗ್ಗುಗಳನ್ನೆಲ್ಲ ಅಳೆದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಆ ಕಲ್ಲನ್ನು ತಿರುಗಿಸಿ, ಓರೆ ಬೆಳಕು ಬಿಟ್ಟು ನೋಡಿದರೆ ಬರಿಗಣ್ಣಿಗೆ ಸವೆದು ಹೋದಂತೆ ಕಂಡ ಅಕ್ಷರವೂ ಎಷ್ಟೋ ಸಲ ಮೇಲೇಳುತ್ತದೆ. ರೈಸರ ಕಾಲದಲ್ಲಿ ಓದಲಾಗದೆ ಚುಕ್ಕಿ ಇಟ್ಟು ಬಿಟ್ಟ ಜಾಗಗಳು ತುಂಬುವ ಸಾಧ್ಯತೆ ಇರುವುದು ಇಲ್ಲಿ. ಜೊತೆಗೆ ಪಟೇಲನ ಹೊಲ ಎಂಬ ವಿಳಾಸಕ್ಕೆ ಬದಲಾಗಿ ಅಕ್ಷಾಂಶ ರೇಖಾಂಶ ದಾಖಲಾಗುತ್ತದೆ.

ಯಂತ್ರ ಬಂದ ಮಾತ್ರಕ್ಕೆ ಎಲ್ಲವೂ ಸುಲಭವಾಯಿತೆಂದಲ್ಲ. ಸ್ಕ್ಯಾನರು ಕಲ್ಲಿನ ಮುಂದೆ ನಿಂತ ಮೇಲಷ್ಟೇ ಉಪಯೋಗಕ್ಕೆ ಬರುತ್ತದೆ. ಕಲ್ಲಿನ ಮುಂದೆ ಕರೆದೊಯ್ಯಲು ಊರಿನವರೇ ಬೇಕು. ಹೊಲದ ಒಡೆಯನಿಗೆ ಮೊದಲು ಬರುವ ಅನುಮಾನ, ಇವರು ಜಮೀನು ಅಳೆಯಲು ಬಂದವರೆಂದು; ಎರಡನೆಯದು, ನಿಧಿ ಹುಡುಕಲು ಬಂದವರೆಂದು. ಅಪರಿಚಿತರ ಜೀಪು ನಿಂತರೆ ಬಾಯಿ ಮುಚ್ಚುವ ಊರು ತಮ್ಮ ಶಾಲೆಯ ಮೇಷ್ಟ್ರು ಬಂದು ಕೇಳಿದರೆ ‘ಅಗೋ, ಆ ಹುಣಸೆಮರದ ಬುಡದಲ್ಲಿ’ ಎನ್ನುತ್ತದೆ. ಎಣ್ಣೆ ಹಚ್ಚಿದ ವೀರಗಲ್ಲನ್ನು ತೊಳೆಯಲು ಪೂಜಾರಿಯ ಒಪ್ಪಿಗೆ ಬೇಕು, ಅದಕ್ಕೂ ಮೇಷ್ಟ್ರೇ ಬೇಕು. ಓದಿ ಮುಗಿದ ಮೇಲೆ ಊರ ಕಟ್ಟೆಯಲ್ಲಿ ಕುಳಿತು, ಇದರಲ್ಲಿ ನಿಧಿಯ ಮಾತಿಲ್ಲ, ಸಾವಿರ ವರ್ಷದ ಹಿಂದೆ ದನ ಬಿಡಿಸಲು ಹೋಗಿ ಸತ್ತವನ ಹೆಸರಿದೆ ಎಂದು ಹೇಳುವುದೂ ಆ ಕೆಲಸದ ಭಾಗವೇ.

ಹಣದ ಮಾತು ಬೇರೆ. ಹಿಂದೆ ಆಜೀವ ಸದಸ್ಯತ್ವಕ್ಕೆ ಕೊಟ್ಟ ಹಣ ಈಗ ಒಂದು ಸಂಚಿಕೆಯ ಅಂಚೆ ವೆಚ್ಚಕ್ಕೂ ಸಾಲದು. ದಾನಿಗಳು ಯಂತ್ರಕ್ಕೆ, ಕಟ್ಟಡಕ್ಕೆ ಕೊಡುತ್ತಾರೆ. ಕರಡು ತಿದ್ದುವವನ ಬಸ್ ಚಾರ್ಜಿಗೆ ಕೊಡುವವರು ಅಪರೂಪ. ಹಣಕ್ಕಿಂತ ಕಷ್ಟದ್ದು ವಯಸ್ಸು. ಹಳಗನ್ನಡದ ಲಿಪಿಯನ್ನು ಕಲ್ಲಿನ ಮೇಲೆ ನೇರವಾಗಿ ಓದಬಲ್ಲವರು ಇಂದು ಕಡಿಮೆ. ಅವರಲ್ಲಿ ಹೆಚ್ಚಿನವರು ನಿವೃತ್ತರು. ಆ ಓದು ತರಗತಿಯ ಪಾಠದಿಂದ ಬರುವುದು ಅರ್ಧ ಮಾತ್ರ. ಉಳಿದದ್ದು ಬಲ್ಲವರ ಬೆನ್ನ ಹಿಂದೆ ಬಿಸಿಲಲ್ಲಿ ನಿಂತು, ಇದು ‘ಬ’ವೋ ‘ಚ’ವೋ ಎಂದು ಜಗಳವಾಡಿಯೇ ಬರಬೇಕು.

ಒಂಬತ್ತನೆಯ ಸಂಪುಟದ ಕಾನಕಾನಹಳ್ಳಿಯ ಪುಟಗಳಲ್ಲಿ ಹೆಸರಿಸಿದ ಜಾಗಗಳಿಗೆ ಹೋಗಿ ನೋಡಲು ಈಗ ಸ್ಕ್ಯಾನರು ಇದೆ, ನಕ್ಷೆ ಇದೆ, ನೃಪತುಂಗ ರಸ್ತೆಯಲ್ಲಿ ಕಾಗದ ಬರೆದರೆ ಉತ್ತರ ಕೊಡುವ ಸಂಘ ಇದೆ. ಯಾವ ಹೊಲ ಯಾರದಾಗಿತ್ತು ಎಂದು ಬಲ್ಲ ಅಜ್ಜಂದಿರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರೇ. ಅವರನ್ನು ಮಾತಾಡಿಸುವ ಕೆಲಸ ಬೇಸಿಗೆ ರಜೆಯಲ್ಲಿ ಆಗಬೇಕು. ಮಳೆ ಬಿದ್ದು ಬಿತ್ತನೆ ಶುರುವಾದರೆ ಹೊಲದೊಳಗೆ ಕಾಲಿಡಲು ಯಾರೂ ಬಿಡುವುದಿಲ್ಲ.